ದೆಹಲಿಗೆ ಕಳಿಸಿದ ವೀಳ್ಯ

ಪಂಜದ ಸಂಕಪ್ಪನಿಗೆ ಈ ಜಗತ್ತಿನಲ್ಲಿ ಗೌರವವಿದ್ದದ್ದು ಇಬ್ಬರ ಮೇಲೆ ಮಾತ್ರ. ಒಬ್ಬ, ತೀರಿಹೋದ ಅವನ ಅಪ್ಪ. ಇನ್ನೊಬ್ಬ ಅವನೇ. ಉಳಿದವರನ್ನೆಲ್ಲ ಅವನು ಎರಡು ಪಾಲು ಮಾಡಿದ್ದ: ಕರೆಯಲು ಬಾರದವರು, ಕರೆಸಿಕೊಳ್ಳಲು ಬಾರದವರು. ಯಾವ ಮನೆಯ ವಿಷಯ ಎತ್ತಿದರೂ ಅವನ ಮೂಗು ಒಂದು ಬದಿಗೆ ಸೊಟ್ಟಗಾಗುತ್ತಿತ್ತು. ಮೂವತ್ತು ವರ್ಷ ಹಾಗೆ ಸೊಟ್ಟ ಮಾಡಿ ಮಾಡಿ ಅದು ಹಾಗೆಯೇ ನಿಂತುಬಿಟ್ಟಿದೆ ಎಂದು ಅವನ ಹೆಂಡತಿ ಸೀತು ಹೇಳುತ್ತಿದ್ದಳು.

ಅವನ ಕೆಲಸ ಹೇಳಿಕೆ. ಮದುವೆಯೋ ಗೃಹಪ್ರವೇಶವೋ ಇದೆ ಎಂದು ಕಾಗದ ಅಚ್ಚು ಹಾಕಿಸಿ ಅಂಚೆಗೆ ಹಾಕಿದರೆ ಆ ಕಡೆ ಅದು ಕರೆದಂತೆ ಆಗುವುದಿಲ್ಲ. ಮನೆಯಿಂದ ಒಬ್ಬ ಬರಬೇಕು, ಜಗಲಿಯಲ್ಲಿ ಕುಳಿತುಕೊಳ್ಳಬೇಕು, ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಮನೆಯ ಹಿರಿಯರ ಕೈಗೆ ಐದು ವೀಳ್ಯದೆಲೆ ಒಂದು ಅಡಿಕೆ ಇಟ್ಟು ಬಾಯಿಬಿಟ್ಟು ಹೇಳಬೇಕು. ಹಾಗೆ ಹೋಗಿ ಹೇಳಲು ಪುರುಸೊತ್ತಿಲ್ಲದವರು, ಮನೆಯಲ್ಲಿ ಗಂಡುದಿಕ್ಕಿಲ್ಲದವರು ಸಂಕಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಪುತ್ತೂರು, ಸುಳ್ಯ, ಕಡಬ ಈ ಮೂರು ಕಡೆಯ ಯಾವ ಗದ್ದೆ ಬದು ಯಾವ ಅಂಗಳಕ್ಕೆ ಹೋಗುತ್ತದೆ, ಯಾವ ಮನೆಯ ನಾಯಿ ಯಾವ ಕಾಲಿಗೆ ಬಾಯಿ ಹಾಕುತ್ತದೆ ಎಂಬುದು ಅವನಿಗೆ ಬಾಯಿಪಾಠ. ಮೊದಲು ಸೋದರಮಾವನ ಮನೆ, ಆಮೇಲೆ ಉಳಿದವರು. ಅಣ್ಣ ತಮ್ಮ ಪಾಲಾಗಿ ಒಂದೇ ಅಂಗಳದಲ್ಲಿದ್ದರೂ ಎರಡು ವೀಳ್ಯ. ಮಾತು ಬಿಟ್ಟ ಮನೆಗೆ ಮೊದಲು ಹೆಂಗಸರ ಮೂಲಕ ಒಂದು ಸುದ್ದಿ, ಆಮೇಲೆ ಹೇಳಿಕೆ. ಇದರಲ್ಲಿ ಕೂದಲೆಳೆಯಷ್ಟು ತಪ್ಪಿದವನನ್ನೂ ಸಂಕಪ್ಪ ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಅವನ ಹೇಳಿಕೆ ಒಂದೂ ಸುಳ್ಳಾಗಿರಲಿಲ್ಲ. ಅದಕ್ಕೆ ಅವನದ್ದೇ ಕ್ರಮವಿತ್ತು. ಮದುವೆಯ ಮನೆಯವರು ಕರೆಸಿದರೆ ಸೀದಾ ಅಡಿಗೆ ಕೊಟ್ಟಿಗೆಗೆ ಹೋಗಿ ಅನ್ನ ಬೇಯಿಸುವ ದೊಡ್ಡ ಚರಿಗೆಗಳು ಬಂದಿವೆಯೇ ನೋಡುತ್ತಿದ್ದ. ಅಡಿಗೆಯವನ ಹೆಸರು ಕೇಳುತ್ತಿದ್ದ. ಗಂಡಿನ ಕಡೆಯವರು ವೀಳ್ಯ ತೆಗೆದುಕೊಂಡರೇ ಎಂದು ಕೇಳುತ್ತಿದ್ದ. ತೆಗೆದುಕೊಂಡಿದ್ದರೆ ಮುಗಿಯಿತು, ಮತ್ತೆ ಬೇರೆ ಪ್ರಶ್ನೆ ಇಲ್ಲ. ವೀಳ್ಯ ಕೈಗೆ ತೆಗೆದುಕೊಂಡವನು ಮಾತು ಕೊಟ್ಟ ಹಾಗೆ, ಬೇಡದವನು ಹಿಂದೆ ಕೊಡುತ್ತಾನೆ. ಇಷ್ಟೇ ಅವನ ಕಾನೂನು. ಹಾಗಾಗಿ ಸಂಕಪ್ಪ ಬಂದು ಹೇಳಿದ್ದಾನೆ ಎಂದರೆ ಕೆಲಸ ಆದ ಹಾಗೆಯೇ ಎಂದು ಊರು ಹೇಳುತ್ತಿತ್ತು. ಅವನಿಗಿದ್ದದ್ದು ಎರಡು ಗದ್ದೆ, ಒಂದು ಹೆಂಚಿನ ಮನೆ, ಮದುವೆಗೆ ಬಂದ ಮಗಳು ಕಮಲಾವತಿ, ಮತ್ತೆ ಈ ಹೆಸರು. ಗದ್ದೆ ಹೋದರೆ ಹೋಗಲಿ, ಹೆಸರು ಹೋದರೆ ತಾನು ಉಳಿಯುವುದಿಲ್ಲ ಎಂದು ಅವನು ನಂಬಿದ್ದ. ಆ ಹೆಸರನ್ನು ಪಣಕ್ಕಿಡುವ ಪ್ರಸಂಗ ಬಂದದ್ದು ಎಂಬತ್ತೈದನೇ ಇಸವಿಯಲ್ಲಿ, ಅದೂ ಟಿವಿಯ ದೆಸೆಯಿಂದ.

ಟಿವಿ ಇದ್ದದ್ದು ಪುತ್ತೂರಿನ ತ್ಯಾಂಪಣ್ಣ ರೈಗಳ ಮನೆಯಲ್ಲಿ. ತೆಂಗಿನ ಮರಕ್ಕಿಂತ ಎತ್ತರಕ್ಕೆ ಕಬ್ಬಿಣದ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿಸಿದ್ದರು. ಅದರಲ್ಲಿ ವಾರಕ್ಕೆ ಆರು ದಿನ ಇರುವೆ ಹರಿದಾಡುವುದು ಕಾಣುತ್ತಿತ್ತು, ಏಳನೆಯ ದಿನ ಯಾರೋ ವಾರ್ತೆ ಓದುತ್ತಿದ್ದರು. ರೈಗಳು ಹನ್ನೊಂದು ಸಂಘಗಳ ಅಧ್ಯಕ್ಷರು. ಅವುಗಳಲ್ಲಿ ಒಂಬತ್ತು ಲೆಟರ್ ಪ್ಯಾಡಿನಲ್ಲಿ ಮಾತ್ರ ಇದ್ದವು. ಒಂದು ಹೊಸ ಸಂಘ ಹುಟ್ಟಿದ ದಿನ ರೈಗಳು ಬಿಳಿ ಜುಬ್ಬಾ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಅಲ್ಲಿಗೆ ಆ ಸಂಘದ ಆಯುಷ್ಯವೂ ಮುಗಿಯುತ್ತಿತ್ತು.

ಆ ಮಳೆಗಾಲದ ಆಟಿ ತಿಂಗಳಲ್ಲಿ ಉಪ್ಪಿನಂಗಡಿಯ ಮೈಮೂನಮ್ಮನ ಮಗ ಉಸ್ಮಾನ್ ಗಲ್ಫಿನಿಂದ ರಜೆಯಲ್ಲಿ ಬಂದ. ಬರುವಾಗ ಒಂದು ವಿಡಿಯೋ ಪೆಟ್ಟಿಗೆ, ಒಂದು ಕ್ಯಾಸೆಟ್ ತಂದಿದ್ದ. ಟಿವಿ ಇದ್ದದ್ದು ರೈಗಳ ಮನೆಯಲ್ಲಾದ ಕಾರಣ ಅಲ್ಲೇ ಹಾಕಿ ತೋರಿಸಿದ. ಯಾವುದೋ ಶೀತದ ದೇಶದಲ್ಲಿ ದೀಪಗಳ ವೇದಿಕೆ. ದೇಶಕ್ಕೊಬ್ಬರಂತೆ ಬಂದು ಒಂದೊಂದು ಹಾಡು ಹೇಳುತ್ತಾರೆ. ಆಮೇಲೆ ಒಂದೊಂದು ದೇಶವೂ ಟೆಲಿಫೋನಿನಲ್ಲಿ ಉಳಿದ ದೇಶಗಳಿಗೆ ಅಂಕ ಕೊಡುತ್ತದೆ. ಅಷ್ಟನ್ನೂ ಅದೇ ಹೊತ್ತಿಗೆ ಎಲ್ಲ ದೇಶದವರು ಟಿವಿಯಲ್ಲಿ ನೋಡುತ್ತಾರೆ. ಹಾಡು ಒಂದೂ ರೈಗಳಿಗೆ ಹಿಡಿಸಲಿಲ್ಲ. ಆದರೆ ಕೊನೆಗೆ ಕೋಟು ಹಾಕಿದ ಒಬ್ಬ ವೇದಿಕೆಗೆ ಬಂದು ಹೂಗುಚ್ಛ ಕೊಟ್ಟನಲ್ಲ, ಅವನನ್ನು ನೋಡಿ ರೈಗಳು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಇವ ಯಾರು ಉಸ್ಮಾನ್?"

"ಅಧ್ಯಕ್ಷನೋ ಎಂತದೋ ಇರ್ಬೇಕು."

"ಇದು ಪುತ್ತೂರಿನಲ್ಲಿ ಯಾಕೆ ಆಗ್ಬಾರ್ದು ಮಾರಾಯ?"

ಮರುವಾರ ಸಮಿತಿ ಹುಟ್ಟಿತು. ಅಂತರರಾಷ್ಟ್ರೀಯ ದೂರದರ್ಶನ ಗೀತಸ್ಪರ್ಧಾ ಪೂರ್ವಸಿದ್ಧತಾ ಸಮಿತಿ. ಹೆಸರು ಲೆಟರ್ ಪ್ಯಾಡಿನ ಒಂದು ಸಾಲಿನಲ್ಲಿ ಹಿಡಿಯಲಿಲ್ಲ, ಮುದ್ರಣಾಲಯದವನು ಅದನ್ನು ಕಮಾನಿನ ಹಾಗೆ ಬಗ್ಗಿಸಿದ. ಸಮಿತಿಯಲ್ಲಿ ನಲವತ್ತಮೂರು ಜನ. ರೈಗಳು ಅಧ್ಯಕ್ಷರು, ಉಳಿದ ನಲವತ್ತೆರಡೂ ಉಪಾಧ್ಯಕ್ಷರು. ಬರೀ ಸದಸ್ಯ ಎನ್ನಿಸಿಕೊಳ್ಳಲು ಒಬ್ಬನೂ ಒಪ್ಪಲಿಲ್ಲ. ಫೆಬ್ರವರಿ ತಿಂಗಳ ಎರಡನೇ ಶನಿವಾರ ಎಂದು ದಿನವೂ ಗೊತ್ತಾಯಿತು. ಯಾಕೆ ಆ ದಿನ ಎಂದರೆ ಅಷ್ಟು ಹೊತ್ತಿಗೆ ಗದ್ದೆ ಒಣಗಿರುತ್ತದೆ, ಚಪ್ಪರ ಹಾಕಲು ಸುಲಭ. ಹನ್ನೆರಡು ದೇಶಗಳನ್ನು ಕರೆಯುವುದೆಂದಾಯಿತು, ಯಾಕೆಂದರೆ ರೈಗಳ ತೆಂಕು ಮನೆಯಲ್ಲಿ ಇದ್ದದ್ದು ಹನ್ನೆರಡು ಮಂಚ.

ಉಸ್ಮಾನನ ರಜೆ ಮುಗಿದು ಅವನು ವಿಮಾನ ಹತ್ತಿದ. ಸಮಿತಿ ಸಭೆ ಸೇರುತ್ತಲೇ ಹೋಯಿತು. ಹೊರದೇಶದವರಿಗೆ ಕುಚ್ಚಲಕ್ಕಿ ಗಂಜಿ ಆಗುತ್ತದೆಯೇ ಎಂದು ಒಂದು ಸಭೆ. ಅವರ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯಿಸುವುದೋ ಅಥವಾ ಅವರು ಸ್ನಾನವನ್ನೇ ಮಾಡದ ಜನವೋ ಎಂದು ಇನ್ನೊಂದು. ಕಮೋಡಿನ ಮೇಲೆ ಮೂರು ಸಭೆ ನಡೆದವು. ಬೊಂಬಾಯಿಯ ಹೋಟೆಲಿನಲ್ಲಿ ಹತ್ತು ವರ್ಷ ಕಳೆದು ಬಂದ ಉಪಾಧ್ಯಕ್ಷರೊಬ್ಬರು ಅದರ ಮೇಲೆ ಹೇಗೆ ಕುಳಿತುಕೊಳ್ಳುವುದೆಂದು ಕುರ್ಚಿಯಲ್ಲಿ ಕೂತು ತೋರಿಸಿದರು. ಹಾಡಿನ ಬಗ್ಗೆ ಮಾತ್ರ ಒಂದು ಸಭೆಯೂ ಆಗಲಿಲ್ಲ. ನಮ್ಮ ದೇಶದಿಂದ ಯಾರು ಹಾಡುತ್ತಾರೆ ಎಂದು ಯಾರಿಗೂ ಹೊಳೆಯಲೂ ಇಲ್ಲ.

ರೈಗಳಿಗೆ ಕಾಡಿದ್ದು ಒಂದೇ ಭಯ. ಕ್ಯಾಮೆರಾ ಜನರ ಕಡೆ ತಿರುಗುವಾಗ ಖಾಲಿ ಕುರ್ಚಿ ಕಂಡರೆ? ಇಡೀ ಲೋಕ ನೋಡುತ್ತಿರುತ್ತದೆ. ಆರುನೂರು ಮನೆಗಳಿಂದ ಜನ ಬರಬೇಕು, ಅದಕ್ಕೆ ಸಂಕಪ್ಪನೇ ಆಗಬೇಕು ಎಂದು ಹೇಳಿ ಕಳಿಸಿದರು.

ಸಂಕಪ್ಪ ಬಂದ. ಜಗಲಿಯಲ್ಲಿ ಸಾಲಾಗಿ ಕೂತ ಉಪಾಧ್ಯಕ್ಷರನ್ನು ಒಮ್ಮೆ ನೋಡಿದ. ಅವರಲ್ಲಿ ಏಳು ಜನರ ಮದುವೆಗೆ ಹೇಳಿಕೆ ಕೊಟ್ಟವನು ಅವನೇ, ಆ ಏಳರಲ್ಲೂ ಊಟಕ್ಕೆ ಸಾಂಬಾರು ನೀರಾಗಿತ್ತೆಂದು ಕೇಳಿದವನೂ ಅವನೇ. ಮೂಗು ಸೊಟ್ಟಗಾಯಿತು.

"ಆರುನೂರು ಮನೆಗೆ ಹೇಳುದು ದೊಡ್ಡ ಸಂಗತಿ ಅಲ್ಲ ರೈಗಳೇ. ಮೊದಲು ಹಾಡುವವರಿಗೆ ಹೇಳಿಕೆ ಆಗಿದೆಯಾ?"

"ಎಲ್ಲ ದೇಶಕ್ಕೂ ಕಾಗದ ಹಾಕುದು ಅಂತ ಉಂಟು," ಎಂದರು ರೈಗಳು.

"ಕಾಗದವಾ?" ಸಂಕಪ್ಪನಿಗೆ ನಗು ಬಂತು. "ಕಾಗದ ಹಾಕಿದ್ರೆ ನನ್ನ ಸ್ವಂತ ಭಾವ ಬರುದಿಲ್ಲ. ಇನ್ನು ಇಂಗ್ಲೆಂಡಿನವ ಬರ್ತಾನಾ?"

ನಲವತ್ತೆರಡೂ ಜನ ರೈಗಳನ್ನು ಬಿಟ್ಟು ಅವನ ಕಡೆ ತಿರುಗಿ ಕೂತರು. ಅದು ಸಂಕಪ್ಪನಿಗೆ ಹಿತವಾಗಿತ್ತು. ಇಷ್ಟು ವರ್ಷ ತಾನು ತಿರಸ್ಕಾರದಿಂದ ನೋಡಿದ ಮಹನೀಯರೆಲ್ಲ ಈಗ ತನ್ನ ಬಾಯಿ ನೋಡುತ್ತಿದ್ದಾರೆ. ಹನ್ನೆರಡು ದೇಶಕ್ಕೆ ಹೇಳಿಕೆ ಕೊಟ್ಟವನು ಅಪ್ಪನ ಕಾಲದಲ್ಲೂ ಇರಲಿಲ್ಲ. ಅಲ್ಲಿಯೇ ಅವನು ಜಾರಿದ. ಹೊಗಳಿಕೆಗೆ ಬೀಳುವವರನ್ನು ಕಂಡರೆ ಆಗದ ಮನುಷ್ಯ, ಯಾರೂ ಹೊಗಳದೆಯೇ ಬಿದ್ದ.

ಅವನೇ ದಾರಿಯನ್ನೂ ಹೇಳಿದ. ಒಂದು ಕುಟುಂಬದಲ್ಲಿ ಹಿರಿಯರ ಮನೆಗೆ ವೀಳ್ಯ ಕೊಟ್ಟರೆ ಅವರು ಉಳಿದವರನ್ನು ಹೊರಡಿಸಿಕೊಂಡು ಬರುತ್ತಾರೆ. ಟಿವಿಯವರ ಕುಟುಂಬಕ್ಕೆ ಹಿರಿಯರ ಮನೆ ದೆಹಲಿ. ಅಲ್ಲಿಗೆ ಕೊಟ್ಟರೆ ಹನ್ನೆರಡು ದೇಶಕ್ಕೆ ಅವರೇ ಹೇಳಿಕೊಳ್ಳುತ್ತಾರೆ. ತಾನೇ ಹೋಗಬೇಕಿತ್ತು, ಆದರೆ ಹಿಂದಿ ಬಾರದು. ಹಾಗಾಗಿ ಕಾಗದದ ಜೊತೆಗೆ ವೀಳ್ಯವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುವುದು. ಸೇರಬೇಕಾದವರ ಕೈಗೇ ಸೇರಿಸಿ, ಅವರ ರುಜು ಹಾಕಿಸಿಕೊಂಡು ಅಂಚೆಯವರು ಕಾರ್ಡು ಹಿಂದೆ ತರುತ್ತಾರೆ. ರುಜು ಬಂತೆಂದರೆ ಒಪ್ಪಿದ ಹಾಗೆ. ರುಜು ಬರುವ ತನಕ ತಾನು ಒಂದು ಮನೆಯ ಮೆಟ್ಟಿಲೂ ಹತ್ತುವುದಿಲ್ಲ.

ಎಲೆ ಆರಿಸಿದ್ದು ಸಂಕಪ್ಪನೇ. ತುದಿ ಹರಿಯದ, ನರ ಕಪ್ಪಾಗದ ಐದು ಎಲೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಬಾಳೆ ಎಲೆ ಸುತ್ತಿ, ಕಾಗದದ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದೆಹಲಿಯ ಟಿವಿ ಕಚೇರಿಯ ವಿಳಾಸ ಬರೆಸಿದ. ಏನಿದೆ ಇದರಲ್ಲಿ ಎಂದು ಅಂಚೆಯವನು ಕೇಳಿದಾಗ, "ಮರ್ಯಾದೆ," ಎಂದ.

ಹದಿನೇಳನೆಯ ದಿನ ಕಾರ್ಡು ಬಂತು. ಮೇಲೆ ದೆಹಲಿಯ ಮೊಹರು, ಕೆಳಗೆ ಎರೆಹುಳದಂಥ ಒಂದು ರುಜು. ರೈಗಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿದ್ದವರಿಗೆ ಒಂದು ಲಾಭವಿದೆ, ಬೇರೆಯವರ ಮಾತನ್ನು ಅವರು ಅಷ್ಟು ಸುಲಭದಲ್ಲಿ ನಂಬುವುದಿಲ್ಲ.

"ಇದು ಬರೇ ಮುಟ್ಟಿದ್ದಕ್ಕೆ ರಸೀದಿ ಅಲ್ವಾ ಸಂಕಪ್ಪ?"

"ರೈಗಳೇ, ಬೇಡದವರು ವೀಳ್ಯ ಹಿಂದೆ ಕಳಿಸ್ತಾರೆ. ಇವರು ಇಟ್ಟುಕೊಂಡಿದ್ದಾರೆ. ಇನ್ನು ನಿಮಗೆ ಎಂತ ಬೇಕು? ಅವರು ಬಂದು ನಿಮ್ಮ ಕಾಲು ಹಿಡಿಬೇಕಾ?"

ಮನೆಯಲ್ಲಿ ಸೀತುವೂ ಅದನ್ನೇ ಕೇಳಿದಳು. "ದೆಹಲಿಯವರಿಗೆ ನಮ್ಮ ಕ್ರಮ ಗೊತ್ತುಂಟಾ ಇವ್ರೇ?"

"ವೀಳ್ಯ ಗೊತ್ತಿಲ್ಲದ ಮನುಷ್ಯ ಎಲ್ಲಿಯಾದ್ರೂ ಉಂಟಾ? ನೀನು ಸುಮ್ಮನೆ ಕೂತ್ಕೊ," ಎಂದು ಸಂಕಪ್ಪ ಅವಳ ಬಾಯಿ ಮುಚ್ಚಿಸಿದ.

ನವೆಂಬರಿನಲ್ಲಿ ಅವನು ಹೊರಟ. ಹೊಸ ಚಪ್ಪಲಿ, ಹೆಗಲಿಗೆ ಚೀಲ, ಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು. ಎರಡು ತಿಂಗಳು ನಡೆದ. ಸುಳ್ಯದ ಗುಡ್ಡಗಳಲ್ಲಿ ಏರಿ ಇಳಿದ, ಕಡಬದ ಕಡೆ ಹೊಳೆ ದಾಟಿದ, ಪುತ್ತೂರಿನ ಸುತ್ತ ಒಂದು ಮನೆ ಬಿಡದೆ ಹತ್ತಿದ. ಪ್ರತಿ ಜಗಲಿಯಲ್ಲಿ ಕುಳಿತು, ನೀರು ಕುಡಿದು, ವೀಳ್ಯ ಕೊಟ್ಟು ಒಂದೇ ಮಾತು: "ಫೆಬ್ರವರಿ ಎರಡನೇ ಶನಿವಾರ ಪುತ್ತೂರಿನಲ್ಲಿ ಹನ್ನೆರಡು ದೇಶದವರು ಹಾಡ್ಲಿಕ್ಕೆ ಬರ್ತಾರೆ. ಟಿವಿಯವರು ಉಂಟು. ಮನೆಯವರೆಲ್ಲ ಬರಬೇಕು." ಹಿರಿಯರು ತಲೆಯಾಡಿಸಿ ವೀಳ್ಯ ಹಿಡಿದುಕೊಳ್ಳುತ್ತಿದ್ದರು. ಊಟ ಉಂಟಾ ಎಂದು ಕೆಲವರು ಕೇಳಿದರು. ಅಂಥವರನ್ನು ಅವನು ಮನಸ್ಸಿನಲ್ಲೇ ಕಾಲಕಸ ಮಾಡಿ ಮುಂದಿನ ಮನೆಗೆ ಹೋದ.

ಉಪ್ಪಿನಂಗಡಿಯಲ್ಲಿ ಮೈಮೂನಮ್ಮ ವೀಳ್ಯ ತೆಗೆದುಕೊಂಡು ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಅರವತ್ತು ದಾಟಿದ, ಮಾತಿಗೆ ಅಂಜದ ಹೆಂಗಸು.

"ಇದೆಲ್ಲ ನನ್ನ ಮಗ ತಂದ ಕ್ಯಾಸೆಟಿನ ಕಥೆ ಅಲ್ವಾ ಸಂಕಪ್ಪಣ್ಣ? ಅವ ಹೇಳಿದ್ರೆ ನಾನು ಅಡಿಗೆ ಮನೆಯಿಂದ ಹೊರಗೇ ಬರ್ತಿರ್ಲಿಲ್ಲ. ನೀವು ಬಂದಿದ್ದೀರಿ."

ಇದನ್ನು ಸಂಕಪ್ಪ ಹೊಗಳಿಕೆ ಎಂದುಕೊಂಡ. ಆ ದಿನ ಬಸ್ಸಿಗೆ ಕಾಯದೆ ನಡೆದೇ ಹೋದ.

ಜನವರಿಯ ಮಧ್ಯದಲ್ಲಿ ದೆಹಲಿಯಿಂದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಉಪಾಧ್ಯಕ್ಷರಲ್ಲಿ ಒಬ್ಬರು ಮಾಸ್ಟ್ರು, ಅವರು ಎದ್ದು ನಿಂತು ಓದಿ ಅರ್ಥ ಹೇಳಿದರು. ನೀವು ಬರೆದಂಥ ಕಾರ್ಯಕ್ರಮ ಯಾವುದೂ ನಮ್ಮಲ್ಲಿ ಇಲ್ಲ, ಅದಕ್ಕೆ ಅವಕಾಶವೂ ಇಲ್ಲ. ಎರಡನೆಯದಾಗಿ, ಬೇಗ ಕೊಳೆಯುವ ವಸ್ತುಗಳನ್ನು ಇನ್ನು ಮುಂದೆ ಅಂಚೆಯಲ್ಲಿ ಕಳಿಸಬಾರದಾಗಿ ವಿನಂತಿ.

ಎರಡನೆಯ ಮಾತಿಗೆ ಜಗಲಿಯಿಡೀ ನಕ್ಕಿತು. ಕಮೋಡಿನ ಮೇಲೆ ಕೂತು ತೋರಿಸಿದ ಮನುಷ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಸಂಕಪ್ಪ ಕಂಬಕ್ಕೆ ಒರಗಿ ನಿಂತಿದ್ದ.

ರೈಗಳಿಗೆ ನಷ್ಟವೇನೂ ಆದಂತೆ ಕಾಣಲಿಲ್ಲ. ಕಾಗದ ಮಡಚಿ ಜುಬ್ಬಾದ ಕಿಸೆಗೆ ಹಾಕಿದರು. "ಹೋಗ್ಲಿ. ಲೆಟರ್ ಪ್ಯಾಡ್ ಇನ್ನೂ ಒಂಬೈನೂರು ಹಾಳೆ ಉಂಟು. ಅಂತರರಾಷ್ಟ್ರೀಯ ಅನ್ನುದನ್ನು ಹೊಡೆದು ಹಾಕಿ ತಾಲೂಕು ಮಟ್ಟದ ಭಾವಗೀತೆ ಮಾಡುವ."

"ಆರುನೂರು ಮನೆಗೆ ಹೇಳಿಕೆ ಆಗಿದೆ ರೈಗಳೇ," ಎಂದ ಸಂಕಪ್ಪ.

"ಅದು ತನ್ನಿಂದ ತಾನೇ ಮರ್ತು ಹೋಗ್ತದೆ ಮಾರಾಯ. ಕೇಳಿದವರಿಗೆ ಮುಂದೆ ಹೋಗಿದೆ ಹೇಳಿದ್ರಾಯ್ತು. ನೀನು ಯಾಕೆ ತಲೆಬಿಸಿ ಮಾಡುದು?"

ಬಯ್ಯಬೇಕೆಂದು ಸಂಕಪ್ಪನ ಬಾಯಿಗೆ ಹತ್ತಾರು ಮಾತು ಬಂದವು. ಆದರೆ ರಸೀದಿ ಅಲ್ಲವೇ ಎಂದು ಇದೇ ಮನುಷ್ಯ ಕೇಳಿದ್ದರು, ಅಲ್ಲ ಎಂದವನು ತಾನು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಹೇಳಿಕೆ ಸುಳ್ಳಾಗಿತ್ತು, ಅದೂ ಒಂದಲ್ಲ, ಆರುನೂರು.

ಕೊಟ್ಟ ಹೇಳಿಕೆಯನ್ನು ಹಿಂದೆ ತೆಗೆಯಬೇಕೆಂದು ಅವನು ನಿಶ್ಚಯಿಸಿದ. ಹೇಗೆ ತೆಗೆಯುವುದು ಎಂಬುದಕ್ಕೆ ಕ್ರಮವೇ ಇಲ್ಲ, ಅಪ್ಪನೂ ಹೇಳಿಕೊಟ್ಟಿರಲಿಲ್ಲ. ಎರಡು ದಿನ ಯೋಚಿಸಿದ. ಒಳ್ಳೆಯ ಕೆಲಸಕ್ಕೆ ಕರೆಯುವವನು ಜಗಲಿಗೆ ಹತ್ತಿ ಕೂರುತ್ತಾನೆ. ಸಾವಿನ ಸುದ್ದಿ ತರುವವನು ಮಾತ್ರ ಅಂಗಳದಲ್ಲೇ ನಿಂತು, ನೀರನ್ನೂ ಮುಟ್ಟದೆ, ಹೇಳಿ ಹಿಂದಿರುಗುತ್ತಾನೆ. ಇದಕ್ಕೂ ಅದೇ ಸರಿ ಎಂದು ಅವನಿಗೆ ಕಂಡಿತು. ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ಹೊರಟ.

ಮೊದಲ ಮನೆ ಕೆದಂಬಾಡಿಯ ಸೀನಣ್ಣನದು. ಸಂಕಪ್ಪ ಅಂಗಳದ ನಡುವೆ ಚಪ್ಪಲಿ ಬಿಟ್ಟು ನಿಂತದ್ದೇ ತಡ, ಸೀನಣ್ಣನ ಹೆಂಡತಿ ಎದೆಗೆ ಕೈ ಹಚ್ಚಿಕೊಂಡಳು. "ಅಯ್ಯೋ, ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ. ಫೆಬ್ರವರಿಯ ಹಾಡು ಇಲ್ಲ. ನಾನು ಹೇಳಿದ್ದು ಸುಳ್ಳಾಯ್ತು. ಅದನ್ನು ಹೇಳಿ ಹೋಗುವ ಅಂತ ಬಂದೆ."

ಸೀನಣ್ಣ ಬೀಡಿಯ ಹೊಗೆ ಬಿಟ್ಟು ನಕ್ಕ. "ಅಷ್ಟೇಯಾ? ಜೀವ ಹೋಯ್ತು ಮಾರಾಯ್ರೆ. ಅದು ಆಗುದಿಲ್ಲ ಅಂತ ನಮಗೆ ಅವತ್ತೇ ಗೊತ್ತಿತ್ತು. ಬನ್ನಿ, ಮೇಲೆ ಕೂತ್ಕೊಳ್ಳಿ."

ಸಂಕಪ್ಪ ಕೂರಲಿಲ್ಲ. ಎರಡನೆಯ ಮನೆಯಲ್ಲೂ ಅದೇ ಮಾತು. ನಾಲ್ಕನೆಯದರಲ್ಲೂ. ಮೊದಲು ಅವನಿಗೆ ಎದೆಯ ಭಾರ ಇಳಿದ ಹಾಗಾಯಿತು. ಒಂಬತ್ತು ಹತ್ತು ಮನೆ ಕಳೆಯುವಾಗ ಸಿಟ್ಟು ಏರತೊಡಗಿತು. ಯಾರೂ ಬೈಯುತ್ತಿಲ್ಲ. ಯಾರಿಗೂ ಬೇಸರವಿಲ್ಲ. ಆ ಶನಿವಾರಕ್ಕೆಂದು ಒಬ್ಬನೂ ಒಂದು ಕೆಲಸ ಮುಂದೆ ಹಾಕಿರಲಿಲ್ಲ, ಒಂದು ಮನೆಯಲ್ಲಿ ಅದೇ ದಿನ ಬಾವಿ ಕೆರೆಸಲು ಜನ ಗೊತ್ತು ಮಾಡಿದ್ದರು. ಐದನೆಯ ದಿನ ಉಪ್ಪಿನಂಗಡಿಗೆ ಬರುವಾಗ ಅವನು ದಾರಿಯಿಡೀ ಒಬ್ಬನೇ ಬೈಯುತ್ತ ನಡೆದಿದ್ದ.

ಅಂಗಳದಲ್ಲಿ ನಿಂತವನನ್ನು ನೋಡಿ ಮೈಮೂನಮ್ಮ ಹೆದರಲಿಲ್ಲ. ಊರಿನ ಸುದ್ದಿ ಅವರಿಗೆ ಮುಟ್ಟಿತ್ತು.

"ನಿಮಗೂ ಮೊದಲೇ ಗೊತ್ತಿತ್ತಾ?" ಎಂದು ಸಂಕಪ್ಪ ಅಲ್ಲಿಂದಲೇ ಕೇಳಿದ.

"ಗೊತ್ತಿತ್ತು."

"ಮತ್ತೆ ವೀಳ್ಯ ಯಾಕೆ ತೆಗೊಂಡ್ರಿ?"

"ನೀವು ಬಿಸಿಲಲ್ಲಿ ನಡೆದು ಬಂದಿದ್ದೀರಿ. ಕೈ ನೀಡಿ ಕೊಟ್ಟಿದ್ದೀರಿ. ಬೇಡ ಹೇಳುದು ಹೇಗೆ ಸಂಕಪ್ಪಣ್ಣ?"

"ತೆಗೊಂಡ್ರೆ ಮಾತು ಕೊಟ್ಟ ಹಾಗೆ!"

ಮೈಮೂನಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಅವರ ದನಿಯಲ್ಲಿ ಹಾಸ್ಯ ಇರಲಿಲ್ಲ. "ಅದು ನೀವು ಮಾಡಿಕೊಂಡ ಕಾನೂನು. ಇಷ್ಟು ವರ್ಷ ನೀವು ಈ ಮನೆಗೆ ತಂದ ಹೇಳಿಕೆಯಲ್ಲಿ ನಾವು ಹೋದದ್ದು ನಾಲ್ಕಕ್ಕೆ ಒಂದೂ ಇಲ್ಲ. ಆಚೆ ಮನೆಯವರೂ ಅಷ್ಟೇ. ಬರುದಿಲ್ಲ ಅಂತ ಎದುರಿಗೆ ಹೇಳಿದ್ರೆ ನಿಮಗೆ ಬೇಜಾರ. ತೆಗೊಂಡು ಒಳಗೆ ಇಟ್ಟು ಊಟ ಆದ ಮೇಲೆ ಜಗಿಯುದು. ನಿಮಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಕರೆದವರು ಬಂದರೋ ಎಂದು ನೋಡಲು ಅವನು ಯಾವ ಮದುವೆಗೂ ನಿಂತವನಲ್ಲ. ಒಂದು ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ದಿನ ಅವನು ಇನ್ನೊಂದು ಮನೆಯ ಚೀಲ ಹೊತ್ತು ಮೂರನೆಯ ಊರಿನಲ್ಲಿ ಇರುತ್ತಿದ್ದ. ಮೂವತ್ತು ವರ್ಷ ಜನ ತೋರಿಸಿದ್ದು ಬಾಯಾರಿ ಬಂದವನ ಮೇಲಿನ ದಾಕ್ಷಿಣ್ಯ. ಅದನ್ನು ಅವನು ಆಣೆ ಎಂದು ತಿಳಿದ. ತಿಳಿದದ್ದಲ್ಲದೆ ಅದರ ಮೇಲೆ ಕೂತು ಲೋಕವನ್ನೆಲ್ಲ ಹೀಗಳೆದ. ರುಜು ಹಾಕಿದ ದೆಹಲಿಯ ಗುಮಾಸ್ತ ಯಾವ ಹೊಸ ಮೋಸವನ್ನೂ ಮಾಡಿರಲಿಲ್ಲ, ಕೆದಂಬಾಡಿಯ ಸೀನಣ್ಣ ಮಾಡುವುದನ್ನೇ ಮಾಡಿದ್ದ. ಊರಿಗೆ ಮೂಗು ಮುರಿದವನಿಗೆ ಆ ಅಂಗಳದಲ್ಲಿ ಮುಖ ಇಡಲು ಜಾಗ ಸಿಗಲಿಲ್ಲ. ತನ್ನಷ್ಟು ದೊಡ್ಡ ದಡ್ಡ ಮೂರೂ ಕಡೆ ಹುಡುಕಿದರೂ ಇಲ್ಲ ಎಂದು ಅವನಿಗೆ ಖಚಿತವಾಯಿತು.

ಆದರೂ ಉಳಿದ ಮನೆಗಳನ್ನು ಬಿಡಲಿಲ್ಲ. ಒಂದೊಂದು ಅಂಗಳದಲ್ಲೂ ನಿಂತು, ನಗುವವರ ಎದುರು ಅದೇ ಮಾತು ಹೇಳಿ ಮುಗಿಸಿದ. ರೈಗಳನ್ನು ಒಬ್ಬನೂ ದೂರಲಿಲ್ಲ. ಅವರು ಹೇಳಿದ್ದನ್ನು ಯಾರೂ ಯಾವತ್ತೂ ನಂಬಿರಲಿಲ್ಲವಾದ್ದರಿಂದ ಅವರಿಗೆ ಕಳೆದುಕೊಳ್ಳಲು ಹೆಸರೇ ಇರಲಿಲ್ಲ. ಸಂಕಪ್ಪನ ಹೆಸರು ಮಾತ್ರ ಬದಲಾಯಿತು. ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಟಿವಿ ಸಂಕಪ್ಪ ಎನ್ನತೊಡಗಿದರು. ಆ ವರ್ಷ ಮದುವೆಯ ಮನೆಗಳು ಕಾಗದ ಅಚ್ಚು ಹಾಕಿಸಿದವು.

ಮೇ ತಿಂಗಳಲ್ಲಿ ಕಮಲಾವತಿಯ ಮದುವೆ ಗೊತ್ತಾಯಿತು. "ನಾವೂ ಕಾಗದ ಮಾಡಿಸಿ ಅಂಚೆಗೆ ಹಾಕುವ," ಎಂದಳು ಸೀತು. ಗಂಡ ಮತ್ತೆ ಆ ಅಂಗಳಗಳನ್ನು ಹತ್ತುವುದು ಅವಳಿಗೆ ಬೇಡವಾಗಿತ್ತು. ಸಂಕಪ್ಪ ಕೇಳಲಿಲ್ಲ. ಸ್ವಂತ ಮಗಳಿಗೆ ಹೇಳಿಕೆ ಕೊಡಲು ಬಾರದವನು ಎನ್ನಿಸಿಕೊಳ್ಳುವುದೊಂದು ಬಾಕಿ ಇದೆ ಎಂದು ಚೀಲ ತೆಗೆದ.

ಎಲ್ಲ ಕಡೆ ಜಗಲಿಗೆ ಹತ್ತಿಸಿಕೊಂಡರು. "ಇದು ಆಗುದು ಉಂಟಲ್ಲ?" ಎಂದು ಎರಡು ಮೂರು ಕಡೆ ಕೇಳಿ ನಕ್ಕರು, ಅವನೂ ನಗಲು ನೋಡಿದ. "ಬಾರದೆ ಎಂತ ಸಂಕಪ್ಪಣ್ಣ!" ಎಂದು ಎಲ್ಲರೂ ಕೈ ಒಡ್ಡಿದರು. ಅವನೀಗ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದ. ಬರುವವರ ಮುಖವೂ ಬಾರದವರ ಮುಖವೂ ಒಂದೇ ಥರ ಇರುತ್ತಿತ್ತು. ಮೂವತ್ತು ವರ್ಷದ ಕಸುಬಿನವನಿಗೆ ಒಂದು ಮನೆಯದ್ದೂ ತಿಳಿಯಲಿಲ್ಲ.

ಉಪ್ಪಿನಂಗಡಿಗೆ ಕೊನೆಗೆ ಬಂದ. ಮೈಮೂನಮ್ಮ ವೀಳ್ಯವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಗಳ ಹೆಸರು, ಹುಡುಗನ ಊರು ಎಲ್ಲ ಕೇಳಿದರು. ಆಮೇಲೆ ಅದನ್ನು ಅವನ ಅಂಗೈಯಲ್ಲಿ ಹಿಂದಕ್ಕೆ ಇಟ್ಟರು.

"ನನ್ನಿಂದ ಬರ್ಲಿಕ್ಕೆ ಆಗುದಿಲ್ಲ ಸಂಕಪ್ಪಣ್ಣ. ಮೊಣಕಾಲು ಮಡಚುದಿಲ್ಲ, ಬಸ್ಸಿನ ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ. ನಿಮ್ಮ ಹತ್ರ ಬರ್ತೇನೆ ಹೇಳಿ ಇನ್ನೊಮ್ಮೆ ಸುಳ್ಳು ಮಾಡ್ಲಿಕ್ಕೆ ನನಗೆ ಮನಸ್ಸಿಲ್ಲ."

ಕೊಟ್ಟ ವೀಳ್ಯ ಹಿಂದೆ ಬಂದದ್ದು ಅವನ ಆಯುಷ್ಯದಲ್ಲಿ ಅದೊಂದೇ. ಒಂದು ವರ್ಷದ ಹಿಂದಾದರೆ ಅವನು ಆ ಮನೆಯ ನೆರಳನ್ನೂ ತುಳಿಯುತ್ತಿರಲಿಲ್ಲ. ಈಗ ಐದು ಎಲೆಗಳನ್ನು ನೋಡುತ್ತ ಕೂತ. ಕಣ್ಣು ತುಂಬಿಬಂತು, ಅದನ್ನು ಅವನು ಅಡಗಿಸಲೂ ಇಲ್ಲ. ಇನ್ನೊಂದು ಲೋಟ ನೀರು ಕೊಡಿ ಎಂದು ಕೇಳಿ ಕುಡಿದು ಎದ್ದ.

ಮದುವೆಯ ದಿನ ಸಂಕಪ್ಪ ಚಪ್ಪರದ ಬಾಗಿಲಲ್ಲಿ ನಿಂತು ದಾರಿ ನೋಡಿದ. ರೈಗಳು ಬಿಳಿ ಜುಬ್ಬಾದಲ್ಲಿ ಬಂದು ಫೋಟೋಕ್ಕೆ ನಿಂತರು. ಊಟದ ಹೊತ್ತಿಗೆ ಎರಡು ಪಂಕ್ತಿ ತುಂಬಿತು, ಮೂರನೆಯದಕ್ಕೆ ಹಾಸಿದ ಚಾಪೆ ಖಾಲಿ ಉಳಿಯಿತು, ಚರಿಗೆಯಲ್ಲಿ ಅನ್ನ ಹಾಗೇ ಇತ್ತು. ಯಾರು ಬಂದಿಲ್ಲ ಎಂದು ಅವನಿಗೆ ಗೊತ್ತಾದದ್ದು ಆ ಚಾಪೆ ಸುತ್ತುವಾಗ. ಮೊದಲೇ ಗೊತ್ತಿದ್ದದ್ದು ಒಬ್ಬರದ್ದು ಮಾತ್ರ.

ಮರುದಿನ ಮಗಳನ್ನು ಕಳಿಸಿಕೊಟ್ಟ ಮೇಲೆ ಅವನು ಕೈಹಿಡಿಯ ತೂಕುಪಾತ್ರೆಯಲ್ಲಿ ಪಾಯಸ ತುಂಬಿಸಿಕೊಂಡು ಉಪ್ಪಿನಂಗಡಿಯ ಬಸ್ಸು ಹತ್ತಿದ. ಮೈಮೂನಮ್ಮ ಮುಚ್ಚಳ ತೆಗೆದು ನೋಡಿ, ಜನ ಹೇಗಿತ್ತು ಎಂದು ಕೇಳಿದರು.

"ತುಂಬ ಜನ ಬರ್ಲಿಲ್ಲ," ಎಂದ ಸಂಕಪ್ಪ. ಯಾರ ಹೆಸರನ್ನೂ ತೆಗೆದು ಬೈಯಲಿಲ್ಲ.